ರಾತ್ರಿ ಉಂಡು ಹಗಲು ದುಡಿಯುವ ಪೆಟ್ಟಿಗೆ

ಬೆಳಗ್ಗೆ ಹನ್ನೊಂದು ಗಂಟೆಗೆ ಬಂದ ರಿಪೇರಿಯವನು ಹಜಾರದ ಹೀಟರಿನ ಸ್ವಿಚ್ಚಿಗೆ ಟೆಸ್ಟರ್ ಹಿಡಿದು ನೋಡಿ, "ಇದಕ್ಕೆ ಕರೆಂಟೇ ಬರುತ್ತಿಲ್ಲ. ಕಿತ್ತು ಬಿಸಾಡಿ, ಪ್ಯಾನಲ್ ಹೀಟರ್ ಹಾಕಿಸಿಕೊಳ್ಳಿ" ಎಂದ. ನಮ್ಮವರು ತಲೆಯಾಡಿಸಿದರು. ನಾನೂ ಆಡಿಸಿದೆ. ಬ್ರಿಟನ್ನಿನಲ್ಲಿ ಅದು ನಮಗೆ ಎರಡನೆಯ ಚಳಿಗಾಲ. ಗ್ಯಾಸ್ ಸಂಪರ್ಕವಿಲ್ಲದ ಹಳೆಯ ಫ್ಲ್ಯಾಟು, ಅದರೊಳಗೆ ಕೋಣೆ ಬೆಚ್ಚಗಿಡಲು ಗೋಡೆಗಂಟಿಕೊಂಡ ಮೂರು ಸ್ಟೋರೇಜ್ ಹೀಟರುಗಳು. ಹಜಾರದ್ದು ಮಧ್ಯಾಹ್ನ ಮೂರಕ್ಕೇ ತಣ್ಣಗಾಗಿ ಕೂರುತ್ತಿತ್ತು.

ಅವನು ಹೋದ ಮೇಲೆ ಮೀಟರಿನ ಪಕ್ಕ ಅಂಟಿಸಿದ್ದ ಹಳದಿಗಟ್ಟಿದ ಕಾಗದವನ್ನು ಮೊದಲ ಬಾರಿ ಓದಿದೆ. ಈ ಹೀಟರುಗಳ ತಂತಿಗೆ ಕರೆಂಟು ಬರುವುದೇ ರಾತ್ರಿ ಹನ್ನೆರಡೂವರೆಯಿಂದ ಬೆಳಗ್ಗೆ ಏಳೂವರೆಯವರೆಗೆ! 1978ರಿಂದ ಇಲ್ಲಿ ನಡೆದು ಬಂದಿರುವ 'ಎಕಾನಮಿ 7' ಎಂಬ ದರದ ಏರ್ಪಾಡು ಅದು: ರಾತ್ರಿ ಏಳು ತಾಸು ಯೂನಿಟ್ ಅಗ್ಗ, ಹಗಲು ತುಟ್ಟಿ. ರಾತ್ರಿ ಮಾತ್ರ ಉಣ್ಣುವವನ ನಾಡಿಯನ್ನು ಹಗಲಿನಲ್ಲಿ ಹಿಡಿದು, ಹಸಿವಿನಿಂದ ಸತ್ತಿದ್ದಾನೆ ಎಂದು ಹೇಳಿ ಹೋಗಿದ್ದ ಆ ಮಹಾರಾಯ. ಅವನ ಮಾತು ಕೇಳಿ, ಕರೆಂಟು ಹರಿಯುವಾಗಷ್ಟೇ ಕಾಯುವ ಪ್ಯಾನಲ್ ಹೀಟರ್ ಹಾಕಿಸಿದ್ದರೆ ಅದು ಹಗಲಿನ ತುಟ್ಟಿ ಕರೆಂಟನ್ನೇ ಕುಡಿಯುತ್ತಿತ್ತು.

ಸ್ಟೋರೇಜ್ ಹೀಟರ್ ಎಂದರೆ ಬೂದಿ ಮುಚ್ಚಿದ ಕೆಂಡ, ಅಷ್ಟೇ. ಒಳಗೆ ಭಾರದ ಇಟ್ಟಿಗೆಗಳು, ಅವುಗಳ ನಡುವೆ ಕರೆಂಟಿನಿಂದ ಕಾಯುವ ಎಲಿಮೆಂಟುಗಳು, ಸುತ್ತ ದಪ್ಪನೆಯ ಶಾಖನಿರೋಧಕ ಹೊದಿಕೆ. ರಾತ್ರಿ ಇಟ್ಟಿಗೆಗಳು ನೂರಾರು ಡಿಗ್ರಿ ಕಾಯುತ್ತವೆ, ಹಗಲು ಮೆಲ್ಲಗೆ ಶಾಖ ಬಿಡುತ್ತವೆ. ಮೇಲೆ ಎರಡು ಗುಂಡಿಗಳಿರುತ್ತವೆ. ಇನ್‌ಪುಟ್ ಎನ್ನುವುದು ರಾತ್ರಿ ಎಷ್ಟು ಉಣ್ಣಬೇಕೆಂಬುದಕ್ಕೆ; ಔಟ್‌ಪುಟ್ ಎನ್ನುವುದು ಒಳಗಿನ ಮುಚ್ಚಳವನ್ನು ತೆರೆದು ಶಾಖವನ್ನು ಬೇಗ ಹೊರಬಿಡುವುದಕ್ಕೆ. ಎರಡನ್ನೂ ನಾವು ವರ್ಷವಿಡೀ ತುತ್ತತುದಿಯ ಆರರಲ್ಲೇ ಇಟ್ಟಿದ್ದೆವು. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಖಾಲಿ ಮನೆ ಬೆಚ್ಚಗಿರುತ್ತಿತ್ತು, ಸಂಜೆ ನಾವು ಕೋಟು ಹಾಕಿಕೊಂಡು ಊಟ ಮಾಡುತ್ತಿದ್ದೆವು.

ಔಟ್‌ಪುಟ್ ಗುಂಡಿಯನ್ನು ಒಂದಕ್ಕೆ ಇಳಿಸಿದ ಮೇಲೆ ಉಳಿದೆರಡು ಸುಧಾರಿಸಿದವು. ಹಜಾರದ್ದು ಮಾತ್ರ ಜಗ್ಗಲಿಲ್ಲ. ಬೆಳಗ್ಗೆ ಎದ್ದು ಅಂಗೈಯನ್ನು ಅದರ ಮೈಮೇಲೆ ಉದ್ದಕ್ಕೂ ಎಳೆದು ನೋಡಿದೆ: ಬಲಗಡೆ ಮುಟ್ಟಲಾಗದಷ್ಟು ಬಿಸಿ, ಎಡಗಡೆಯ ಮೂರನೆಯ ಒಂದು ಭಾಗ ಉಗುರುಬೆಚ್ಚಗೂ ಇಲ್ಲ.

ಎರಡನೆಯ ಎಲೆಕ್ಟ್ರಿಷಿಯನ್ ವಯಸ್ಸಾದವರು. ಫೋನಿನಲ್ಲೇ ಮೊದಲ ಪ್ರಶ್ನೆ, "ನಿಮಗೆ ರಾತ್ರಿಯ ದರ ಎಷ್ಟು ಗಂಟೆಗೆ ಶುರು?" ಅಲ್ಲಿಗೆ ನನ್ನ ಅರ್ಧ ಚಿಂತೆ ಇಳಿಯಿತು. ಎರಡನೆಯದು, "ಹೀಟರಿಗೆ ಎಷ್ಟು ವರ್ಷ?" 1970ರ ದಶಕದ ಮಧ್ಯಭಾಗಕ್ಕಿಂತ ಹಿಂದಿನದಾದರೆ ಒಳಗಿನ ಹೊದಿಕೆಯಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದಂತೆ, ಹಾಗಿದ್ದರೆ ತಾನು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ ಎಂದರು. ಲೇಬಲಿನ ಫೋಟೋ ಕಳಿಸಿದೆ. ನಮ್ಮದು ತೊಂಬತ್ತರ ದಶಕದ್ದು. "ಸರಿ, ಎರಡು ದಿನ ಮುಂಚೆ ಆಫ್ ಮಾಡಿಡಿ, ಇಟ್ಟಿಗೆ ಆರಬೇಕು" ಎಂದರು. ಜನವರಿಯಲ್ಲಿ! ಎರಡು ರಾತ್ರಿ ಇದ್ದಬದ್ದ ಕಂಬಳಿಗಳೆಲ್ಲ ಹಜಾರಕ್ಕೆ ಬಂದವು.

ಶನಿವಾರ ಬಂದವರು ಹೀಟರಿನ ಹತ್ತಿರ ಹೋಗಲೇ ಇಲ್ಲ. ಮೊದಲು ಮೀಟರ್ ಬಳಿ ಹೀಟರುಗಳಿಗೇ ಮೀಸಲಾದ ಎರಡನೆಯ ಫ್ಯೂಸ್ ಪೆಟ್ಟಿಗೆಯನ್ನು ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದರು. ಹಗಲು ಸತ್ತಂತೆ ಕಾಣುವ ಈ ತಂತಿ ಹನ್ನೆರಡೂವರೆಗೆ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಕೂರುತ್ತದೆ. ಕೆಲವು ಹೀಟರುಗಳಿಗೆ ಹಗಲಿನ ಕರೆಂಟಿನ ತಂತಿಯೂ ಬೇರೆಯಾಗಿ ಇರುತ್ತದೆ, ಒಂದನ್ನು ಆಫ್ ಮಾಡಿ ಇನ್ನೊಂದನ್ನು ಮರೆತರೆ ಮುಗಿಯಿತು ಎಂದರು. ನಮ್ಮ ಮೀಟರಿಗೆ ಅದರದೇ ಗಡಿಯಾರವಿದೆ. ಪಕ್ಕದ ಕಟ್ಟಡದಲ್ಲಿ ಮೀಟರನ್ನು ಎಬ್ಬಿಸುತ್ತಿದ್ದದ್ದು ರೇಡಿಯೋ ಅಂತೆ: ಬಿಬಿಸಿಯ 198 ಕಿಲೋಹರ್ಟ್ಸ್ ಲಾಂಗ್ ವೇವ್ ಪ್ರಸಾರದಲ್ಲಿ ಸುದ್ದಿ, ಹವಾಮಾನ ವರದಿಗಳ ಜೊತೆಗೆ ಯಾರ ಕಿವಿಗೂ ಕೇಳದ ಸಂಕೇತವೊಂದು ಬಂದು ಸ್ವಿಚ್ ಒತ್ತುತ್ತಿತ್ತು. 2025ರ ಜೂನ್ 30ರಿಂದ ಅದನ್ನು ಹಂತ ಹಂತವಾಗಿ ನಿಲ್ಲಿಸತೊಡಗಿದರು. ನನಗೇಕೋ ಪಾಪ ಎನಿಸಿತು.

ಮುಂದಿನ ತಗಡು ಬಿಚ್ಚಿದಾಗ ವರ್ಷಗಟ್ಟಲೆ ಹುರಿದ ಧೂಳಿನ ವಾಸನೆ. ಹೊದಿಕೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಮಲಗಿಸಿದರು. ಅದು ಹರಿದರೆ ಹೊಸದೇ ಹಾಕಬೇಕು. ಆಮೇಲೆ ಇಟ್ಟಿಗೆಗಳು. ಒಂದನ್ನು ನಾನೇ ಎತ್ತಿದೆ. ನೋಡಲು ದಪ್ಪ ಪುಸ್ತಕದಷ್ಟು, ಎತ್ತಿದರೆ ರುಬ್ಬುಗುಂಡು. ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಪ್ಪು ಇಟ್ಟಿಗೆ, ಒಂದು ಮುಖದಲ್ಲಿ ಎಲಿಮೆಂಟು ಕೂರುವ ಉದ್ದನೆಯ ತಗ್ಗು. ಇಡೀ ಹೀಟರು ನೂರು ಕಿಲೋ ದಾಟುತ್ತದೆ. ಅದಕ್ಕೇ ಅದನ್ನು ಗೋಡೆಗೆ ಬಿಗಿದಿರುತ್ತಾರೆ, ಅದಕ್ಕೇ ಯಾರೂ ಅದನ್ನು ಇದ್ದ ಹಾಗೇ ಎತ್ತುವ ಸಾಹಸಕ್ಕಿಳಿಯಬಾರದು.

ನಮ್ಮದು 2.55 ಕಿಲೋವ್ಯಾಟಿನದು. ಅಂದರೆ 850 ವ್ಯಾಟಿನ ಮೂರು ಎಲಿಮೆಂಟುಗಳು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಅವರ ಕೈಮೀಟರಿನಲ್ಲಿ ಒಂದೊಂದೂ ಸುಮಾರು 62 ಓಮ್ ರೋಧ ತೋರಿಸಬೇಕು. ಬಲಗಡೆಯದು ತೋರಿಸಿತು, ನಡುವಿನದೂ ತೋರಿಸಿತು. ಎಡಗಡೆಯದಕ್ಕೆ ಕೈಮೀಟರಿನ ಅಂಕಿ ಅಲುಗಾಡಲಿಲ್ಲ, ಅಂದರೆ ಒಳಗೆ ತಂತಿ ತುಂಡಾಗಿದೆ. ಹೊರಗೆಳೆದು ನೋಡಿದರೆ ಬಾಗಿದ ಜಾಗದಲ್ಲಿ ಹುರುಳಿಕಾಳಿನಷ್ಟು ಒಡಕು, ಅದರ ಬಾಯಲ್ಲಿ ಒಂದು ಚಿಟಿಕೆ ಬಿಳಿ ಪುಡಿ. ಇಷ್ಟಕ್ಕೆ ಇಡೀ ಪೆಟ್ಟಿಗೆಯನ್ನು ಬಿಸಾಡಲು ಹೊರಟಿದ್ದೆವು. ಹೊಸ ಎಲಿಮೆಂಟು ಅವರ ಚೀಲದಲ್ಲೇ ಇತ್ತು.

ಹಾಗೆಂದು ಹಳೆಯದೆಲ್ಲವನ್ನೂ ಉಳಿಸಿಕೊಳ್ಳುವ ಹಟ ನನಗಿಲ್ಲ. ಮಲಗುವ ಕೋಣೆಯದರ ಮೇಲೆ ಹಿಂದಿನವರು ಬಟ್ಟೆ ಒಣಗಿಸಿ ಒಣಗಿಸಿ ತಗಡು ಕಂದಾಗಿತ್ತು, ಹೊದಿಕೆ ಪುಡಿಯಾಗಿತ್ತು, ಮುಚ್ಚಳ ಸಿಕ್ಕಿಹಾಕಿಕೊಳ್ಳತೊಡಗಿತ್ತು. ಅದನ್ನು ಬದಲಾಯಿಸಿದೆವು. 2018ರ ಜನವರಿಯಿಂದ ಹೊಸ ಹೀಟರುಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣ ಕಡ್ಡಾಯವಾಗಿದೆ. ಕೋಣೆಯ ಚಳಿ ನೋಡಿ ಎಷ್ಟು ಉಣ್ಣಬೇಕೆಂದು ಅದೇ ತೀರ್ಮಾನಿಸುತ್ತದೆ. ಆದರೆ ಅದರ ಬುದ್ಧಿಗೆ ಹಗಲೂ ಕರೆಂಟು ಬೇಕು, ಅದಕ್ಕಾಗಿ ಇನ್ನೊಂದು ತಂತಿ ಎಳೆಸಬೇಕಾಯಿತು.

ಹಜಾರದ್ದು ಸರಿಯಾದ ಆ ಶನಿವಾರ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸ ಎಲಿಮೆಂಟು ಮೊದಲ ಸಲ ವಾಸನೆ ಬಿಡುತ್ತದೆ ಎಂದಿದ್ದರಿಂದ ಕಿಟಕಿಯನ್ನು ಬೆರಳಷ್ಟು ತೆರೆದು, ಕಂಬಳಿ ಹೊದ್ದು ಕುಳಿತೆ. ಹನ್ನೆರಡೂವರೆಗೆ ಮೀಟರ್ ಪೆಟ್ಟಿಗೆಯೊಳಗೆ ಟಕ್ ಎಂದಿತು. ಸ್ವಿಚ್ಚಿನ ಕೆಂಪು ದೀಪ ಹೊತ್ತಿಕೊಂಡಿತು.

ಬೆಳಗ್ಗೆ ನಮ್ಮವರು ನನಗಿಂತ ಮೊದಲೇ ಎದ್ದು ಎಡಗಡೆಯ ಮೂಲೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ನನ್ನನ್ನು ನೋಡಿ ನಕ್ಕು, ಔಟ್‌ಪುಟ್ ಗುಂಡಿಯತ್ತ ಕೈ ಚಾಚಿದರು.

"ಮುಟ್ಟಬೇಡಿ" ಎಂದೆ. "ಸಂಜೆಗಿರಲಿ."