ಮೊಟ್ಟೆ ಇಲ್ಲದ ಬೆಬಿಂಕಾ: ಆರನೇ ಸಲ ಪದರ ನಿಂತಿತು

ಬೆಬಿಂಕಾ ಅಂದರೆ ಪದರದ ಮೇಲೆ ಪದರ ಬೇಯಿಸುವ ಗೋವಾದ ಸಿಹಿತಿಂಡಿ. ನಿನ್ನೆ ರಾತ್ರಿ ಹನ್ನೊಂದಕ್ಕೆ ಅದರ ಏಳನೇ ಪದರ ಕೆಂಪಗಾಯಿತು. ಬೆಳಿಗ್ಗೆ ಕೊಯ್ದು ನೋಡಿದೆ. ಒಂದೂ ಜಾರಲಿಲ್ಲ! ಗೋವಾದ ವಾಸ್ಕೋದಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಎರಡು ತಿಂಗಳಿಂದ ನಡೆದ ಕುಸ್ತಿ ಇದು.

ಅಕ್ಕನ ಮಗನಿಗೆ ಐದು ವರ್ಷ. ಕೂಸಾಗಿದ್ದಾಗಿನಿಂದ ಇಸಬು (ಎಕ್ಸಿಮಾ), ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ. ಮೊಟ್ಟೆ ತಿಂದರೆ ಹತ್ತು ನಿಮಿಷದಲ್ಲಿ ಮೈತುಂಬ ದದ್ದು, ವಾಂತಿ. ಕ್ರಿಸ್‌ಮಸ್‌ಗೆ ಪಕ್ಕದ ಮನೆಯವರು ಬೆಬಿಂಕಾ ತಂದಾಗ ಅವನು ಕೈ ಹಿಂದೆ ಕಟ್ಟಿಕೊಂಡು ತಟ್ಟೆಯನ್ನೇ ನೋಡುತ್ತಿದ್ದ. ಅವತ್ತೇ ಶುರು ಮಾಡಿದೆ.

ನಿಮಗೆ ಗೊತ್ತೇ ಇದೆ, ಬೆಬಿಂಕಾದ ಜೀವ ಮೊಟ್ಟೆಯ ಹಳದಿ. ಅದರಲ್ಲಿರುವ ಲೆಸಿಥಿನ್ ತೆಂಗಿನಹಾಲಿನ ನೀರನ್ನೂ ಜಿಡ್ಡನ್ನೂ ಒಟ್ಟಿಗೆ ಹಿಡಿಯುತ್ತದೆ, ಅದರ ಪ್ರೋಟೀನ್ ಕಾವಿಗೆ ಗಟ್ಟಿಯಾಗುತ್ತದೆ. ಹಳದಿಯನ್ನು ತೆಗೆದರೆ ಮೂರನೇ ಪದರಕ್ಕೇ ಎಣ್ಣೆ ಒಸರುತ್ತದೆ, ಮೇಲಿನ ಪದರ ಪಾಚಿಗಲ್ಲಿನ ಮೇಲೆ ಕಾಲಿಟ್ಟ ಹಾಗೆ ಸರಿಯುತ್ತದೆ. ಕಡಲೆ ಬೇಯಿಸಿದ ನೀರು ನೊರೆ ಮಾಡಿ ಹಾಕಿದೆ, ಇಡ್ಲಿಯಂತೆ ಉಬ್ಬಿತು. ಅಗಸೆ ಲೋಳೆ ಹಾಕಿದೆ, ಚಟ್ನಿಪುಡಿ ವಾಸನೆ. ಮಡಗಾಂವ್ ಮಾರ್ಕೆಟ್ಟಿನ ಒಂದು ಅಂಗಡಿಯಲ್ಲಿ "ಎಗ್‌ಲೆಸ್" ಅಂತ ಬಿಡಿ ಪುಡಿ ಕೊಟ್ಟರು. ಪೊಟ್ಟಣದ ಮೇಲೆ ಒಂದಕ್ಷರ ಇಲ್ಲ. ಕೇಳಿದರೆ "ಎಲ್ಲರೂ ಒಯ್ಯುತ್ತಾರೆ" ಎಂಬ ಉತ್ತರ. ಪ್ಯಾಕೆಟ್ ತಿಂಡಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸೋಯಾ ಇದ್ದರೆ ಬರೆಯಲೇಬೇಕು ಎಂದು ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮವಿದೆ. ಬಿಡಿ ಪುಡಿ ಮನೆಗೆ ತರಲೇಬೇಡಿ.

ದಾರಿ ತೋರಿಸಿದ್ದು ಅವ್ವ. ಧಾರವಾಡದಿಂದ ಬಂದವಳು ಜೋಳದ ರೊಟ್ಟಿಗೆ ಎಸರು ಇಟ್ಟಿದ್ದಳು. ಜೋಳದ ಹಿಟ್ಟಿಗೆ ಜಿಗಿ ಇಲ್ಲ, ಕುದಿಯುವ ಎಸರು ಬಿದ್ದ ಮೇಲೇ ಅದು ಹಿಡಿದುಕೊಳ್ಳುವುದು. ಅಂದರೆ ಬೆಂದ ಪಿಷ್ಟವೇ ಅಂಟು! ಕಾಲು ಭಾಗ ತೆಂಗಿನಹಾಲಿಗೆ ಎರಡು ಚಮಚ ಕಡಲೆಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್ ಕಲಸಿ ಅಂಬಲಿಯಂತೆ ಕುದಿಸಿದೆ. ಆರಿಸಿ ಉಳಿದ ಹಾಲು, ಮೈದಾ, ಸಕ್ಕರೆಗೆ ಸೇರಿಸಿ ಸೋಸಿ ಅರ್ಧ ಗಂಟೆ ಬಿಟ್ಟೆ. ಪದರಗಳ ನಡುವೆ ತುಪ್ಪ ಅರ್ಧ ಚಮಚ ಮಾತ್ರ. ಕಡಲೆ ಅವನಿಗೆ ಒಗ್ಗುತ್ತದೆ, ದಿನಾ ಪುಟಾಣಿ ತಿನ್ನುತ್ತಾನೆ.

ಅವನಿಗೆ ಹಾಲು ಬಿಡಿಸಿದ್ದೇವೆ ಅಂತ ಹಿಂದೆ ಬರೆದಿದ್ದೆ, ಮತ್ತೆ ತುಪ್ಪ ಯಾಕೆ ಹಾಕಿದೆ ಅಂತ ಅದನ್ನು ಓದಿದವರು ಕೇಳುತ್ತೀರಿ. ಇದು ನನಗೆ ಬೆಬಿಂಕಾಕ್ಕಿಂತ ದೊಡ್ಡ ಸುದ್ದಿ. ನಂಜು, ನಂಜು ಅಂತ ನಾವು ಒಂದು ವರ್ಷ ಅವನಿಗೆ ಹಾಲು, ಬದನೆ, ಶೇಂಗಾ ಎಲ್ಲ ಬಿಡಿಸಿದ್ದೆವು. ತುರಿಕೆ ಹೋಗಲಿಲ್ಲ, ತೂಕ ಹೋಯಿತು. ಚರ್ಮದ ಪರೀಕ್ಷೆಯಲ್ಲಿ ಹಾಲಿಗೂ ಸಣ್ಣ ಗುಳ್ಳೆ ಎದ್ದಿತ್ತು. ಆದರೆ ಗುಳ್ಳೆ ಎದ್ದ ಮಾತ್ರಕ್ಕೆ ಅಲರ್ಜಿ ಅಲ್ಲ ಎಂದರು ಡಾಕ್ಟರು. ಆಸ್ಪತ್ರೆಯಲ್ಲೇ ಕೂರಿಸಿ ಹಾಲನ್ನು ಗುಟುಕು ಗುಟುಕಾಗಿ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಇದನ್ನು ಮನೆಯಲ್ಲಿ ಮಾಡಬೇಡಿ. ಬಹಳ ದಿನ ಬಿಡಿಸಿದ್ದನ್ನು ಮತ್ತೆ ಕೊಟ್ಟಾಗ ಕೆಲವು ಮಕ್ಕಳಿಗೆ ಜೋರು ಅಲರ್ಜಿ ಆಗುತ್ತದೆ.

ಇಸಬಿಗೆ ಒಂದು ಮುಖ್ಯ ಕಾರಣ ಹೊರಗಿನದನ್ನು ತಡೆಯುವ ಚರ್ಮದ ಶಕ್ತಿ ಸಡಿಲಾಗಿರುವುದು. ಒಡೆದ ಚರ್ಮದ ಮೂಲಕ ಆಹಾರದ ಕಣ ಒಳಗೆ ಹೋಗಿಯೂ ಅಲರ್ಜಿ ಹುಟ್ಟಬಹುದಂತೆ. ಹಾಗಾಗಿ ಮೊಟ್ಟೆ ಬಿಟ್ಟರೂ ಮುಲಾಮು ಬಿಟ್ಟಿಲ್ಲ. ಬೆವರಿದರೆ ಈಗಲೂ ಕೆರೆಯುತ್ತಾನೆ.

ಮುಂದಿನದು ಮಫಿನ್, ಈ ಸಲ ಮೊಟ್ಟೆ ಹಾಕಿ! ಗೋಧಿ ಹಿಟ್ಟಿನ ಜೊತೆ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೆಂದ ಮೊಟ್ಟೆಯನ್ನು ಮೊಟ್ಟೆ ಅಲರ್ಜಿಯ ಬಹಳ ಮಕ್ಕಳು ತಡೆದುಕೊಳ್ಳುತ್ತಾರೆ. ಮೊದಲ ತುಂಡು ಆಸ್ಪತ್ರೆಯಲ್ಲೇ. ಹದಿನೈದು ದಿನದೊಳಗೆ ನಡುಭಾಗ ಹಸಿ ಉಳಿಯದ ಮಫಿನ್ ನನಗೆ ಬರಬೇಕು. ಸಣ್ಣ ಓವನ್ನಿನ ಕಾವು ಸರಿಯಾಗಿ ಅಳೆಯುವ ಥರ್ಮಾಮೀಟರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.

ಅವನು ಈಗ ಎರಡನೇ ತುಂಡಿನ ಪದರ ಒಂದೊಂದೇ ಸುಲಿದು ಎಣಿಸುತ್ತಾ ತಿನ್ನುತ್ತಿದ್ದಾನೆ. "ಮಾಮಾ, ಇದ್ರಾಗ ಆರೇ ಅದಾವ" ಅಂತಾನೆ. ಒಂದು ಆಗಲೇ ಹೊಟ್ಟೆಯಲ್ಲಿದೆ.