ಕಾಲಿಗೆ ನೆಲ ಸಿಗುವ ಕಡಲು

ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟುವುದು ಕೊಡಗಿನವರಿಗೆ ಹೊಸದಲ್ಲ. ಮದೆನಾಡು ದಾಟಿ ಜೋಡುಪಾಲದ ತಿರುವುಗಳಿಗೆ ಬರುವಷ್ಟರಲ್ಲಿ ಒಂದು ಸಲ ಕಟ್ಟುತ್ತದೆ, ಎಂಜಲು ನುಂಗಿದರೆ ಬಿಡುತ್ತದೆ, ಕೊಯನಾಡಿನ ಹತ್ತಿರ ಮತ್ತೆ ಕಟ್ಟುತ್ತದೆ. ಹುಟ್ಟಿದಾಗಿನಿಂದ ನೋಡಿದ ಈ ಸಣ್ಣ ಸಂಗತಿಗೂ, ಸ್ಕೂಬಾ ಡೈವಿಂಗ್ ಕಲಿಯಲು ಯಾವ ಕಡಲಿಗೆ ಹೋಗಬೇಕೆಂಬ ಪ್ರಶ್ನೆಗೂ ನೇರ ಸಂಬಂಧವಿದೆಯೆಂದು ನನಗೆ ತಿಳಿದದ್ದು 47ನೆಯ ವಯಸ್ಸಿನಲ್ಲಿ, ಅದೂ ಒಂದು ಸಲ ಕಿವಿಯನ್ನು ಕೆಡಿಸಿಕೊಂಡ ಮೇಲೆ.

ಕಿವಿ ಕೆಟ್ಟದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲೊಳಗಿರುವ ಆ ದ್ವೀಪ ಬಹಳ ಚೆಲುವಾದದ್ದು; ನಮ್ಮ ರಾಜ್ಯದಲ್ಲಿ ಹವಳ ನೋಡಬೇಕೆಂದರೆ ಮೊದಲು ನೆನಪಾಗುವ ಜಾಗವೂ ಅದೇ. ನಾಪೋಕ್ಲಿನ ನಮ್ಮ ಮನೆಯಿಂದ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ರಾತ್ರಿ ಹೊರಟು, ಬೆಳಿಗ್ಗೆ ದೋಣಿ ಹತ್ತಿ, ಮಧ್ಯಾಹ್ನ ಊಟ ಮಾಡಿ, ರಾತ್ರಿಗೆ ಮನೆ ಸೇರುವುದೆಂದು ನಾನೂ ಮಗಳೂ ಲೆಕ್ಕ ಹಾಕಿದ್ದೆವು. ನಮ್ಮನ್ನು ಕರೆದುಕೊಂಡು ಹೋದವರು ದಡದ ಮೇಲೆ ಹತ್ತು ನಿಮಿಷ ಪಾಠ ಹೇಳಿದರು. ಆರೋಗ್ಯದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನೇತ್ರಾಣಿಯ ಸುತ್ತ ಕಡಿದಾದ ಬಂಡೆ. ಇಳಿದು ನಿಲ್ಲುವುದಕ್ಕೆ ಮರಳಿನ ದಂಡೆಯಿಲ್ಲ. ಅಲೆಗೆ ತೂಗುವ ದೋಣಿಯಿಂದ ನೇರವಾಗಿ ಆಳದ ನೀರಿಗೆ ಬಿದ್ದೆ. ಬೆನ್ನ ಹಿಂದಿನಿಂದ ಸಿಲಿಂಡರ್ ಹಿಡಿದ ಹುಡುಗ ನನ್ನನ್ನು ಕೆಳಗೆ ಒಯ್ದ. ಎರಡು ಮೂರು ಮೀಟರಿನಲ್ಲೇ ಎಡಗಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ನೋವನ್ನು ಹೇಳುವ ಸನ್ನೆ ಯಾವುದೆಂದು ನನಗೆ ಯಾರೂ ಕಲಿಸಿರಲಿಲ್ಲ. ಮುಖ ಕಾಣದ ಅವನಿಗೆ ಅದು ತಿಳಿಯಲೂ ಇಲ್ಲ. ಮೇಲೆ ಬಂದಾಗ ಕಿವಿಯೊಳಗೆ ನೀರು ತುಂಬಿದ ಕೊಡದ ಸದ್ದು. ಅದು ಹೋಗಲು ಹನ್ನೆರಡು ದಿನ ಹಿಡಿಯಿತು. ಕಿವಿಪೊರೆ ಹರಿದಿಲ್ಲ, ಒಳಗೆ ದ್ರವ ಕಟ್ಟಿದೆ ಎಂದು ವೈದ್ಯರು ಹೇಳಿದರು.

ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದರು, ಮತ್ತು ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನೀರಿನ ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿರುತ್ತದೆ. ಅದು ನಿಧಾನವಾಗಿ ಉಸಿರಿನ ಮೂಲಕವೇ ಹೊರಹೋಗಬೇಕು. ಅದಕ್ಕೆ ಮೊದಲೇ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗುವ ಅಪಾಯವಿದೆ. ಒಂದೇ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕೆಂಬ ಸಲಹೆ ಇರುವುದು ಇದಕ್ಕೇ. ವಿಮಾನದ ಮಾತು ಎಲ್ಲರೂ ಹೇಳುತ್ತಾರೆ, ಘಾಟಿಯ ಮಾತು ಯಾರೂ ಹೇಳುವುದಿಲ್ಲ. ಆ ಸಲಹೆಯಲ್ಲಿ ಎತ್ತರವೆಂದು ಎಣಿಸುವುದು ಸುಮಾರು 600 ಮೀಟರಿನಿಂದ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿನಷ್ಟು ಮೇಲಿದೆ. ಬೆಂಗಳೂರು ಕೂಡ 900 ಮೀಟರಿನಷ್ಟು ಎತ್ತರದ ಊರೇ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಘಟ್ಟ ಹತ್ತುವ ಕಾರುಗಳು ಎಷ್ಟಿವೆಯೋ ಎಂದು ನೆನೆದಾಗಲೆಲ್ಲ ನನಗೆ ದಿಗಿಲಾಗುತ್ತದೆ. ದಯವಿಟ್ಟು ಒಂದು ರಾತ್ರಿ ಕರಾವಳಿಯಲ್ಲೇ ಮಲಗಿರಿ. ನಮಗೆ ಅಂದು ಏನೂ ಆಗಲಿಲ್ಲ ಎಂಬುದು ನಮ್ಮ ಅದೃಷ್ಟ ಮಾತ್ರ.

ಆದರೂ ಆ ಕೆಲವೇ ನಿಮಿಷಗಳಲ್ಲಿ, ನೋವಿನ ನಡುವೆಯೇ, ನೀಲಿಯೊಳಗೆ ತಿರುಗುವ ಮೀನಿನ ಒಂದು ಹಿಂಡನ್ನು ಕಂಡಿದ್ದೆ. ಅದು ಮನಸ್ಸಿನಿಂದ ಹೋಗಲಿಲ್ಲ. ಸರಿಯಾಗಿ ಕಲಿಯಬೇಕೆಂದು ನಿಶ್ಚಯಿಸಿದೆ.

ಎಲ್ಲಿ ಕಲಿಯುವುದೆಂಬ ಚರ್ಚೆ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ನಡೆಯಿತು. ಮಗಳ ಒಲವು ಥಾಯ್ಲೆಂಡಿನ ಕೊ ತಾವೊ ದ್ವೀಪದ ಕಡೆಗೆ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಡೈವಿಂಗ್ ಕಲಿಯುವ ಜಾಗಗಳಲ್ಲಿ ಅದೂ ಒಂದು. ತಿಳಿನೀರಿನ ಕೊಲ್ಲಿಗಳಿವೆ, ಶಾಲೆಗಳು ಬೇಕಾದಷ್ಟಿವೆ. ಮಾಲ್ಡೀವ್ಸನ್ನು ನಾನೇ ಬಿಟ್ಟೆ. ಹವಳದ ಉಂಗುರಗಳ ನಡುವಿನ ಕಾಲುವೆಗಳಲ್ಲಿ ನೀರಿನ ಸೆಳೆತ ಬಲವಾಗಿರುತ್ತದೆ, ಖರ್ಚೂ ಹೆಚ್ಚು. ಗೋವಾದ ಬಗ್ಗೆ ನನಗೆ ಮನಸ್ಸೇ ಬರಲಿಲ್ಲ: ಅಲ್ಲಿನ ನೀರು ಹೆಚ್ಚಾಗಿ ಮಬ್ಬು, ಮಬ್ಬು ನೀರಿನಲ್ಲಿ ಹೊಸಬರ ಹೆದರಿಕೆ ಇಮ್ಮಡಿಯಾಗುತ್ತದೆ. ಲಕ್ಷದ್ವೀಪದ ಮೇಲೆ ನನಗೆ ನಿಜವಾದ ಆಸೆಯಿತ್ತು, ಏಕೆಂದರೆ ಹವಳದ ಗೋಡೆಯ ಒಳಗಿನ ಆ ಲಗೂನುಗಳಷ್ಟು ಶಾಂತವಾದ ನೀರು ಸಿಗುವುದು ಕಷ್ಟ. ಆದರೆ ಪ್ರವೇಶದ ಪರವಾನಗಿ, ಕೊಚ್ಚಿಯಿಂದ ಹಡಗು ಅಥವಾ ವಿಮಾನ, ಕಾಫಿ ಕೊಯ್ಲು ಮುಗಿಯುವ ದಿನ, ಈ ಮೂರನ್ನೂ ಒಂದೇ ವಾರಕ್ಕೆ ಹೊಂದಿಸಲು ನಮ್ಮಿಂದ ಆಗಲಿಲ್ಲ. ಕೊನೆಗೆ ಉಳಿದದ್ದು ಅಂಡಮಾನಿನ ಹ್ಯಾವ್‌ಲಾಕ್, 2018ರಿಂದ ಸ್ವರಾಜ್ ದ್ವೀಪ. ನನ್ನ ಷರತ್ತು ಎರಡೇ ಇದ್ದವು. ಕಲಿಯುವ ನೀರಿನಲ್ಲಿ ನಿಂತರೆ ಕಾಲಿಗೆ ನೆಲ ಸಿಗಬೇಕು. ಹೆದರಿಕೆಯಾದಾಗ ನನಗೆ ಬರುವ ಭಾಷೆಯಲ್ಲಿ ಪ್ರಶ್ನೆ ಕೇಳುವಂತಿರಬೇಕು. ಎಷ್ಟು ಬಗೆಯ ಮೀನಿದೆ, ಆಮೆ ಕಾಣುತ್ತದೆಯೇ ಎಂದು ನೋಡಿ ಮೊದಲ ಕಡಲನ್ನು ಆರಿಸುವವರು ತಪ್ಪು ಮಾಡುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು, ವೇಗದ ಲೆಕ್ಕವಿಲ್ಲ. ಪರಿಚಯದವರ ಹೋಮ್‌ಸ್ಟೇಯ ಈಜುಕೊಳದಲ್ಲಿ, ಡಿಸೆಂಬರಿನ ಚಳಿ ನೀರಿನಲ್ಲಿ, ಕೊಯ್ಲಿನ ಆಳುಗಳು ಮನೆಗೆ ಹೋದ ಮೇಲೆ ದಿನವೂ ಅಭ್ಯಾಸ ಮಾಡಿದೆ. ಫೆಬ್ರವರಿ ಕೊನೆಗೆ ರೋಬಸ್ಟಾ ಹಣ್ಣು ಕಣದಲ್ಲಿ ಒಣಗುತ್ತಿದ್ದಾಗ, ಸ್ಪ್ರಿಂಕ್ಲರ್ ಕೆಲಸವನ್ನು ಮನೆಯವರಿಗೆ ಒಪ್ಪಿಸಿ, ಬೆಂಗಳೂರಿನಿಂದ ವಿಮಾನ ಹತ್ತಿದೆವು. ಶ್ರೀ ವಿಜಯಪುರಂ ಎಂಬ ಹೊಸ ಹೆಸರಿನ ಪೋರ್ಟ್ ಬ್ಲೇರಿನಲ್ಲಿ ಒಂದು ರಾತ್ರಿ, ಅಲ್ಲಿಂದ ಎರಡು ಗಂಟೆಯ ಹಡಗು. ಆ ಎರಡು ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ; ಅಲ್ಲಿ ಕೊಟ್ಟ ಕಾಫಿ ಬಾಯಿಗೆ ಹಿಡಿಸಲಿಲ್ಲ, ಮನೆಯ ಪುಡಿ ಒಯ್ದದ್ದು ಒಳ್ಳೆಯದಾಯಿತು.

ನಮಗೆ ಸಿಕ್ಕ ಶಿಕ್ಷಕ ಕುಂದಾಪುರದ ಕಡೆಯವರು, ಮೂವತ್ತರ ಆಸುಪಾಸಿನ ಯುವಕ. ನಾವು ಕನ್ನಡದಲ್ಲಿ ಮಾತಾಡುವುದನ್ನು ಕೇಳಿದ ಗಳಿಗೆಯಿಂದ ‘ಮೇಡಂ’ ಹೋಗಿ ‘ಅಕ್ಕ’ ಬಂತು. ಮೊದಲು ಆರೋಗ್ಯದ ಪ್ರಶ್ನಾವಳಿಯನ್ನು ಮುಂದಿಟ್ಟರು: ಉಬ್ಬಸ, ಹೃದಯ, ರಕ್ತದೊತ್ತಡ, ಕಿವಿ. ನಾನು ಕಿವಿಯ ಕಥೆ ಹೇಳಿ, ವೈದ್ಯರ ಪತ್ರ ತೋರಿಸಿದೆ. ಅವರು ಪತ್ರವನ್ನು ಪೂರ್ತಿ ಓದಿ, ಅಂದಿನ ಬೆಳಗಿನ ಪಾಠವನ್ನೇ ಪಕ್ಕಕ್ಕಿಟ್ಟರು. ತೆಂಗಿನ ಮರದ ಕೆಳಗೆ ಕುಳಿತು ಆಡಿದ ಆ ಒಂದು ಗಂಟೆಯ ಮಾತು ಈ ಪ್ರವಾಸದಲ್ಲಿ ನನಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡದು.

“ಘಾಟಿ ಇಳಿದು ಹತ್ತಿ ನಲವತ್ತು ವರ್ಷವಾಯಿತು. ಕಿವಿ ಕಟ್ಟಿದರೂ ಒಂದು ದಿನ ನೋವಾಗಿಲ್ಲ. ಅಲ್ಲಿ ಎರಡು ಆಳು ನೀರಿಗೆ ಯಾಕೆ ಹಾಗಾಯಿತು?” ಎಂದು ಕೇಳಿದೆ.

“ಮಡಿಕೇರಿ ಎಷ್ಟು ಎತ್ತರ ಅಕ್ಕ? ಕೆಳಗೆ ಸಂಪಾಜೆ?”

ಹೆಚ್ಚುಕಡಿಮೆ ಸಾವಿರ ಮೀಟರಿನ ವ್ಯತ್ಯಾಸವೆಂದೆ. ಅವರು ಕಡ್ಡಿಯಿಂದ ಮರಳಿನಲ್ಲಿ ಲೆಕ್ಕ ಬರೆದರು. “ಸಾವಿರ ಮೀಟರ್ ಗಾಳಿಯಲ್ಲಿ ಇಳಿದರೆ ಕಿವಿಯ ಮೇಲೆ ಎಷ್ಟು ಒತ್ತಡ ಹೆಚ್ಚುತ್ತದೋ, ಅಷ್ಟು ನೀರಿನಲ್ಲಿ ಒಂದು ಮೀಟರಿಗೆ ಸ್ವಲ್ಪ ಮೇಲೆ ಇಳಿದರೆ ಬರುತ್ತದೆ. ನಿಮ್ಮ ಇಡೀ ಘಾಟಿ ಇಲ್ಲಿ ಸೊಂಟದ ನೀರಿನಲ್ಲಿದೆ.”

ನಾನು ಬಹಳ ಹೊತ್ತು ಮಾತಾಡಲಿಲ್ಲ. ಮುಕ್ಕಾಲು ಗಂಟೆಯ ಆ ಇಳಿಜಾರು, ಅಷ್ಟೂ ತಿರುವು, ನಾಲ್ಕೈದು ಸಲ ಎಂಜಲು ನುಂಗುವುದು, ಎಲ್ಲವೂ ಕೆಲವು ಕ್ಷಣಗಳ ನೀರಿನಲ್ಲಿ ಮುಗಿದುಹೋಗುತ್ತದೆ. ನೇತ್ರಾಣಿಯಲ್ಲಿ ನನ್ನನ್ನು ಮೂರು ಘಾಟಿಗಳಷ್ಟು ಒಂದೇ ಬೀಸಿಗೆ ಇಳಿಸಿದ್ದರು.

ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಹೋಗುವ ಸಣ್ಣ ನಾಳವೊಂದಿದೆ, ಹೊರಗೆ ಒತ್ತಡ ಹೆಚ್ಚಿದಾಗ ಅದರ ಮೂಲಕ ಒಳಗೂ ಗಾಳಿ ತುಂಬಬೇಕು, ಎಂದು ಅವರು ವಿವರಿಸಿದರು. ಮೂಗನ್ನು ಹಿಡಿದು ಮೆಲ್ಲಗೆ ಊದುವುದು ಅದಕ್ಕೇ. “ಆದರೆ ನೋವು ಬಂದ ಮೇಲೆ ಊದಿದರೆ ಪ್ರಯೋಜನ ಇಲ್ಲ ಅಕ್ಕ. ಅಷ್ಟೊತ್ತಿಗೆ ನಾಳ ಅಂಟಿಕೊಂಡಿರುತ್ತದೆ, ಜೋರು ಮಾಡಿದರೆ ಕಿವಿಗೇ ಪೆಟ್ಟು. ನೋವಿಗೆ ಮೊದಲೇ, ಇಳಿಯಲು ಶುರು ಮಾಡುವಾಗಲೇ ಊದಬೇಕು. ಬಿಡಲಿಲ್ಲವೋ, ಅರ್ಧ ಮೀಟರ್ ಮೇಲೆ ಬನ್ನಿ. ನಾನು ಕಾಯುತ್ತೇನೆ. ಕಡಲಿಗೆ ಅವಸರ ಇಲ್ಲ.”

“ಕೊನೆಗೂ ಬಿಡದಿದ್ದರೆ?”

“ಆವತ್ತು ಡೈವ್ ಇಲ್ಲ. ಅಷ್ಟೇ.”

ಆ ‘ಅಷ್ಟೇ’ ಎಂಬ ಮಾತಿಗೆ ನನ್ನ ಎದೆಯ ಭಾರ ಇಳಿಯಿತು. ಶಾಲೆಯನ್ನು ಆರಿಸುವವರು ಈ ಪ್ರಶ್ನೆಯನ್ನು ಕೇಳಿಯೇ ಹಣ ಕಟ್ಟಬೇಕು.

ಮಧ್ಯಾಹ್ನದ ಭರತದಲ್ಲಿ ನೀಮೋ ರೀಫ್ ಎಂಬಲ್ಲಿ ದಡದಿಂದಲೇ ನಡೆದು ನೀರಿಗಿಳಿದೆವು. ಮೊಣಕಾಲು, ಸೊಂಟ, ಎದೆ. ಕಾಲ ಕೆಳಗೆ ಮರಳು. ನೀರು ನಮ್ಮ ಹೊಳೆಯ ಹಾಗೆ ಕೊರೆಯುವುದಿಲ್ಲ, ಬಚ್ಚಲ ನೀರಿನಷ್ಟು ಬೆಚ್ಚಗಿತ್ತು. ಅಲ್ಲೇ ಮಂಡಿಯೂರಿ ಮಾಸ್ಕಿಗೆ ನೀರು ತುಂಬಿಸಿ ಮೂಗಿನಿಂದ ಊದಿ ತೆಗೆಯುವುದು, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಜಾರಿದರೆ ಹುಡುಕಿ ಹಿಡಿಯುವುದು, ಗಾಳಿ ಮುಗಿದರೆ ಜೊತೆಗಾರರ ಇನ್ನೊಂದು ಕೊಳವೆಯಿಂದ ಉಸಿರಾಡುವುದು, ಎಲ್ಲವನ್ನೂ ಕಲಿತೆವು. ಮಾಸ್ಕಿನ ಪಾಠದಲ್ಲಿ ಮೂರು ಸಲ ಉಸಿರು ಕಟ್ಟಿದಂತಾಗಿ ಎದ್ದು ನಿಂತೆ. ಎದ್ದು ನಿಲ್ಲಲು ಸಾಧ್ಯವಿತ್ತು, ಅದೇ ಮುಖ್ಯ. ನಾಲ್ಕನೆಯ ಸಲ ಏಳಲಿಲ್ಲ.

ಬೆನ್ನಿಗೆ ಕಟ್ಟುವ ಸಿಲಿಂಡರನ್ನು ಊರಿನಲ್ಲಿ ಎಲ್ಲರೂ ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಒಳಗಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಸ್ಪ್ರಿಂಕ್ಲರ್ ಪೈಪಿನ ಗೇಜಿನಲ್ಲಿ ನಾಲ್ಕೈದು ಕೆ.ಜಿ. ಒತ್ತಡ ಕಂಡರೆ ನಮಗೆ ತೃಪ್ತಿ. ಇಲ್ಲಿನ ಗೇಜು ಸುಮಾರು 200ರಿಂದ ಶುರುವಾಗುತ್ತದೆ, 50ಕ್ಕೆ ಬರುವಷ್ಟರಲ್ಲಿ ಮೇಲಿರಬೇಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎದೆ ತುಂಬ ಎಳೆದ ಉಸಿರು ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಎಂದೂ ಉಸಿರು ಹಿಡಿಯಬಾರದು ಎಂಬುದೇ ಮೊದಲ ನಿಯಮ. ಮೇಲೆ ಬರುವ ವೇಗ ನಿಮಿಷಕ್ಕೆ ಒಂಬತ್ತು ಮೀಟರ್ ದಾಟಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು.

ಎರಡನೆಯ, ಮೂರನೆಯ ದಿನಗಳು ಹೇಗೆ ಹೋದವೋ ತಿಳಿಯದು. ಕೋರ್ಸಿನ ನಾಲ್ಕನೆಯ ಡೈವ್ ಮಾತ್ರ ಕಣ್ಣಿಗೆ ಕಟ್ಟಿದೆ. ದೋಣಿಯಿಂದ ಇಳಿದು, ಹಗ್ಗದ ಪಕ್ಕದಲ್ಲಿ, ಒಂದೊಂದು ಮೊಳಕ್ಕೂ ಮೂಗು ಹಿಡಿದು ಊದುತ್ತ ಹೋದೆ. ಆ ಕೋರ್ಸಿನ ಮಿತಿ 18 ಮೀಟರ್. ನಾವು 16ರಲ್ಲಿ ನಿಂತೆವು. ಕಿವಿ ಒಮ್ಮೆಯೂ ನೋಯಲಿಲ್ಲ. ಗಿಳಿಮೀನುಗಳು ಬಂಡೆಗೆ ಅಂಟಿದ್ದನ್ನು ಕೆರೆದು ತಿನ್ನುವ ಕರಕರ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕೆಲವು ಕಡೆ ಹವಳ ಸತ್ತು ಬೂದಿಬಣ್ಣಕ್ಕೆ ತಿರುಗಿತ್ತು; 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿದ್ದನ್ನು ಶಿಕ್ಷಕರು ಹಿಂದಿನ ಸಂಜೆ ಹೇಳಿದ್ದರು. ನೆರಳಿನ ಮರ ಕಡಿದ ತೋಟ ನೋಡಿದಾಗ ಆಗುವ ಸಂಕಟವೇ ಆಯಿತು.

ಆಗ ಮಗಳು ನನ್ನ ತಲೆಯನ್ನು ತೋರಿಸಿದಳು. ಕೂದಲಿಗೆ ಕಟ್ಟಿದ್ದ ಕೆಂಪು ಪಟ್ಟಿಯನ್ನು ಬಿಚ್ಚಿ ನೋಡಿದೆ. ಅದು ಕೆಂಪಾಗಿರಲಿಲ್ಲ, ಒಣಗಿದ ಚೆರ್ರಿಯ ಕಂದುಗಪ್ಪು ಬಣ್ಣಕ್ಕೆ ತಿರುಗಿತ್ತು. ಬೆಳಕಿನಲ್ಲಿರುವ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುತ್ತದೆಂದು ಪಾಠದಲ್ಲಿ ಓದಿದ್ದರೂ ಕೈಯಲ್ಲಿ ಹಿಡಿದಾಗ ನಂಬಲಾಗಲಿಲ್ಲ. ಗಿಡದಲ್ಲಿ ಯಾವ ಹಣ್ಣು ಕೊಯ್ಯಬೇಕು, ಯಾವುದನ್ನು ಬಿಡಬೇಕೆಂದು ಕೆಂಪನ್ನು ನೋಡಿಯೇ ನಿರ್ಧರಿಸುವ ನನ್ನ ಕಣ್ಣಿಗೆ ಕೆಂಪೇ ಇಲ್ಲದ ಒಂದು ಲೋಕವಿದೆ ಎಂದು ಅರಿವಾದದ್ದು ಅಲ್ಲಿ. ಶಿಕ್ಷಕರು ಟಾರ್ಚ್ ಹಾಕಿದರು. ನನ್ನ ಅಂಗೈಯಲ್ಲಿ ಪಟ್ಟಿ ಹಣ್ಣಾದ ಕಾಫಿಯ ಹಾಗೆ ಧಗ್ಗನೆ ಕೆಂಪಾಯಿತು, ಪಕ್ಕದ ಬಂಡೆಯ ಮೇಲೂ ಅಲ್ಲಲ್ಲಿ ಕೆಂಪು ಎದ್ದು ಕಂಡಿತು. ಟಾರ್ಚ್ ಆರಿಸಿದರು, ಎಲ್ಲವೂ ಮತ್ತೆ ನೀಲಿಯಾಯಿತು. ಇನ್ನೊಮ್ಮೆ ಹಾಕಿರೆಂದು ಕೈಸನ್ನೆ ಮಾಡಿದೆ.

ಮರುದಿನ ಪೂರ್ತಿ ನೀರಿಗಿಳಿಯದೆ ದಡದಲ್ಲಿ ಕಳೆದು, ಅದರ ಮಾರನೆಯ ದಿನ ವಿಮಾನ ಹತ್ತಿದೆವು. ಬರುವ ಜನವರಿಯಲ್ಲಿ ನೇತ್ರಾಣಿಗೆ ಮತ್ತೆ ಹೋಗುವುದೆಂದು ಆಗಿದೆ. ಈ ಸಲ ಮುರುಡೇಶ್ವರದಲ್ಲಿ ಎರಡು ರಾತ್ರಿಯ ಕೋಣೆ ಗೊತ್ತುಮಾಡಿದ್ದೇವೆ, ಎರಡನೆಯದು ಡೈವ್ ಮುಗಿದ ಮೇಲಿನದು.