ಎಲ್ ಪಾಸೊದ ಪ್ರಾಜೆಕ್ಟ್ ದಿನ

ಅಮೆರಿಕದ ಎಂಜಿನಿಯರಿಂಗ್ ಕಾಲೇಜು ಅಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರೋದು ಬಾಸ್ಟನ್, ಕ್ಯಾಲಿಫೋರ್ನಿಯಾ. ನಾನು ಓದಿದ್ದು ಟೆಕ್ಸಸ್ ರಾಜ್ಯದ ಪಶ್ಚಿಮದ ತುತ್ತತುದಿಯಲ್ಲಿರುವ ಎಲ್ ಪಾಸೊದಲ್ಲಿ. ಊರಿನ ಪಕ್ಕದಲ್ಲೇ ರಿಯೊ ಗ್ರಾಂಡೆ ನದಿ. ಆ ದಡದಲ್ಲಿ ಮೆಕ್ಸಿಕೊದ ಹುವಾರೆಸ್ ಪಟ್ಟಣ. ನಮ್ಮ ಕ್ಯಾಂಪಸ್ಸಿನಿಂದ ನೋಡಿದರೆ ಎದುರಿನ ಗುಡ್ಡದ ಮನೆಗಳು ಕಾಣುತ್ತವೆ. ಅದು ಬೇರೆ ದೇಶ.

ಟೆಕ್ಸಸ್ ವಿಶ್ವವಿದ್ಯಾಲಯದ ಈ ಕ್ಯಾಂಪಸ್ಸನ್ನು ಎಲ್ಲರೂ ಯುಟೆಪ್ ಅಂತಲೇ ಕರೆಯುತ್ತಾರೆ. 1914ರಲ್ಲಿ ಗಣಿಗಾರಿಕೆ ಕಲಿಸುವ ಶಾಲೆಯಾಗಿ ಶುರುವಾಯಿತು. ಮೊದಲ ಸಲ ಒಳಗೆ ಹೋದಾಗ ನಾನು ನಿಂತುಬಿಟ್ಟೆ. ಒಳಕ್ಕೆ ವಾಲಿದ ದಪ್ಪ ಗೋಡೆ, ಅಗಲವಾದ ಸೂರು, ಇಟ್ಟಿಗೆಯಲ್ಲಿ ಮಂಡಲದ ಚಿತ್ತಾರ. ಭೂತಾನದ ಕೋಟೆಗಳ ಹಾಗೆ ಕಟ್ಟಿದ್ದಾರೆ! ಆಗಿನ ಡೀನ್ ಅವರ ಹೆಂಡತಿ ಒಂದು ಪತ್ರಿಕೆಯಲ್ಲಿ ಭೂತಾನದ ಫೋಟೋ ನೋಡಿ, ಈ ಗುಡ್ಡಗಾಡಿಗೆ ಇದೇ ಹೊಂದುತ್ತದೆ ಅಂದರಂತೆ. 1917ರಿಂದ ಹಾಗೇ ಕಟ್ಟಿಕೊಂಡು ಬಂದಿದ್ದಾರೆ. ಮನೆಯ ನೆನಪಿನಲ್ಲಿ ಒದ್ದಾಡುತ್ತಿದ್ದ ನನಗೆ ಆ ಸೂರುಗಳು ದೊಡ್ಡ ಸಮಾಧಾನ ಕೊಟ್ಟವು.

ಇಲ್ಲಿನ ನೂರು ವಿದ್ಯಾರ್ಥಿಗಳಲ್ಲಿ 80ಕ್ಕೂ ಜಾಸ್ತಿ ಜನ ಹಿಸ್ಪಾನಿಕ್. ಲ್ಯಾಟಿನ್ ಅಮೆರಿಕ, ಸ್ಪೇನ್ ಮೂಲದವರನ್ನು ಅಮೆರಿಕದಲ್ಲಿ ಹಾಗೆ ಕರೆಯುತ್ತಾರೆ. ಎಲ್ ಪಾಸೊದಲ್ಲಿ ಬಹುತೇಕ ಎಲ್ಲರ ಬೇರು ಮೆಕ್ಸಿಕೊದಲ್ಲೇ. ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಾ ಡಿಗ್ರಿ ಹುಡುಗರಿಗೆ ಲ್ಯಾಬ್ ನಡೆಸುತ್ತಿದ್ದೆ. ಈ ಬರಹ ಅಲ್ಲಿಯ ಒಂದು ದಿನದ್ದು. 2019ರ ಮೇ ತಿಂಗಳು, ಕೊನೇ ವರ್ಷದವರ ಪ್ರಾಜೆಕ್ಟ್ ಪ್ರದರ್ಶನ.

ಪ್ರಾಜೆಕ್ಟ್ ದಿನ ಅಂದರೆ ಪ್ರೊಫೆಸರು, ಪರೀಕ್ಷಕರು, ಕೋಟು ಹಾಕಿದ ಹುಡುಗರು ಅಂತ ನಾನು ಅಂದುಕೊಂಡಿದ್ದೆ. ಹಾಲ್ ತುಂಬ ಮದುವೆ ಮನೆಯ ಗಲಾಟೆ. ಅಪ್ಪ, ಅಮ್ಮ, ಚಿಕ್ಕಮ್ಮ, ತೋಳಿನಲ್ಲಿ ಕೂಸು ಇಟ್ಟುಕೊಂಡ ಅಕ್ಕ, ಕುರ್ಚಿ ಹುಡುಕುತ್ತಿದ್ದ ಅಜ್ಜಿಯರು. ಫಾಯಿಲ್‌ನಲ್ಲಿ ಸುತ್ತಿದ ಬರಿಟೊಗಳನ್ನು ಯಾರೋ ಎಲ್ಲರ ಕೈಗೂ ಕೊಡುತ್ತಾ ಬಂದರು. ನನಗೂ ಒಂದು ಸಿಕ್ಕಿತು, ಒಳಗೆ ಬೀನ್ಸ್, ಸುಟ್ಟ ಹಸಿ ಮೆಣಸಿನಕಾಯಿ.

ನನ್ನ ಲ್ಯಾಬಿನ ಒಂದು ತಂಡ ಮೂಲೆಯ ಮೇಜಿನ ಪಕ್ಕ ನೀಲಿ ಡ್ರಮ್ ಇಟ್ಟುಕೊಂಡು ನಿಂತಿತ್ತು. ತಂಡದ ಹುಡುಗಿ ಊರಾಚೆಯ ಒಂದು ಕೊಲೋನಿಯಾದವಳು. ಗಡಿಯ ಉದ್ದಕ್ಕೂ ಇಂಥ ಬಡಾವಣೆಗಳಿವೆ. ಮಾರಿದವರು ಮರಳುಗಾಡಿನಲ್ಲಿ ಅಗ್ಗಕ್ಕೆ, ಕಂತಿನ ಮೇಲೆ ಸೈಟು ಮಾರಿದರು. ನೀರಿನ ಪೈಪು, ಒಳಚರಂಡಿ ಹಾಕಲಿಲ್ಲ. ಕೊಂಡವರು ದುಡ್ಡು ಬಂದ ಹಾಗೆ ಒಂದೊಂದೇ ರೂಮು ಕಟ್ಟಿಕೊಂಡರು. ಎಷ್ಟೋ ಕಡೆ ಆಮೇಲೆ ಪೈಪು ಬಂತು. ಬಾರದ ಕಡೆ ಟ್ಯಾಂಕರ್ ನೀರೇ ಗತಿ. ಇವಳ ಮನೆಯ ಹಿತ್ತಲಲ್ಲೂ ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್. ನಾನು ಕೋಲಾರದವಳು. ನೀರಿನ ಸಂಪಿನೊಳಗೆ ಕೋಲು ಇಳಿಸಿ, ಒದ್ದೆಯಾದ ಗುರುತು ನೋಡಿ, ಟ್ಯಾಂಕರಿನವನಿಗೆ ಇವತ್ತು ಫೋನ್ ಮಾಡಬೇಕಾ ನಾಳೆ ಸಾಕಾ ಅಂತ ಲೆಕ್ಕ ಹಾಕುವ ಅಮ್ಮನನ್ನು ನೋಡಿ ಬೆಳೆದವಳು. ಹಾಗಾಗಿ ಈ ತಂಡದ ವಿಷಯ ಕೇಳಿದ ದಿನವೇ ಅವರ ಮೇಲೆ ನನಗೆ ಪಕ್ಷಪಾತ ಹುಟ್ಟಿತ್ತು.

ಇವರ ಮನೆಯಲ್ಲಿ ಅಜ್ಜಿ ಹಿತ್ತಲಿಗೆ ಹೋಗಿ ಟ್ಯಾಂಕಿನ ಮೈಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಶಬ್ದ ಎಲ್ಲಿ ಬದಲಾಗುತ್ತದೋ ಅಲ್ಲಿಗೆ ನೀರು. ಬೇಸಿಗೆಯಲ್ಲಿ ಎಲ್ ಪಾಸೊ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಅಜ್ಜಿ ಹೊರಗೆ ಹೋಗಬಾರದು ಅನ್ನೋದೇ ಪ್ರಾಜೆಕ್ಟಿನ ಶುರು. ಮುಚ್ಚಳಕ್ಕೆ ಒಂದು ಸೆನ್ಸರ್ ಕೂರಿಸಿದರು. ಕಾರಿನ ರಿವರ್ಸ್ ಪಾರ್ಕಿಂಗ್‌ಗೆ ಬಳಸುವ ಥರದ್ದು, ನೀರು ತಾಗಿದರೂ ಕೆಡುವುದಿಲ್ಲ. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಕೆಳಕ್ಕೆ ಬಿಡುತ್ತದೆ. ಶಬ್ದ ನೀರಿಗೆ ತಾಗಿ ಹಿಂದಕ್ಕೆ ಬರಲು ಎಷ್ಟು ಹೊತ್ತು ಬೇಕಾಯಿತು ಅನ್ನೋದರಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ.

ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಆದರೆ ಮನೆಯಲ್ಲಿ ಇಟ್ಟು ನೋಡಿದಾಗ ಮಧ್ಯಾಹ್ನದ ಹೊತ್ತು ಟ್ಯಾಂಕ್ ತಾನಾಗಿ ತುಂಬುತ್ತಿತ್ತು, ಸಂಜೆಗೆ ಮತ್ತೆ ಇಳಿಯುತ್ತಿತ್ತು. ನೀರು ಯಾರೂ ಹಾಕಿರಲಿಲ್ಲ. ಸೆನ್ಸರ್ ಕೆಟ್ಟಿದೆ ಅಂತ ಬದಲಾಯಿಸಿದರು. ಅದೇ ಕಥೆ. ಕೊನೆಗೆ ಹುವಾರೆಸ್‌ನಿಂದ ಬರುವ ಅವಳ ಜೊತೆಗಾರ ಹುಡುಗ ಕಾರಣ ಹಿಡಿದ. ಅವನು ದಿನಾ ಬೆಳಗಿನ ಜಾವ ಗಡಿಯ ಸೇತುವೆಯ ಮೇಲೆ ಪಾಸ್‌ಪೋರ್ಟ್ ಹಿಡಿದು ಕ್ಯೂ ನಿಂತು ಕಾಲೇಜಿಗೆ ಬರುವವನು. ಕ್ಯೂನಲ್ಲಿ ನಿಂತೇ ಲೆಕ್ಕ ಬಿಡಿಸಿದೆ ಅಂತ ಅವನು ಹೇಳಿದ್ದು ನೆನಪಿದೆ. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಶಬ್ದ ಬೇಗ ವಾಪಸ್ ಬರುತ್ತದೆ, ನೀರು ಹತ್ತಿರದಲ್ಲಿದೆ ಅಂತ ಯಂತ್ರ ತಪ್ಪು ತಿಳಿಯುತ್ತದೆ. ಒಂದೂವರೆ ಮೀಟರ್ ಖಾಲಿ ಜಾಗಕ್ಕೆ ಐದು ಸೆಂಟಿಮೀಟರ್ ಸುಳ್ಳು. ಅಂದರೆ ಇಲ್ಲದ ನೀರನ್ನು ಇದೆ ಅಂತ ತೋರಿಸುತ್ತದೆ. ಟ್ಯಾಂಕರ್ ನೀರಿನವರಿಗೆ ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ. ಟ್ಯಾಂಕಿನ ಒಳಗೆ ಉಷ್ಣತೆ ಅಳೆಯುವ ಇನ್ನೊಂದು ಸಣ್ಣ ಸೆನ್ಸರ್ ಹಾಕಿ, ಅದಕ್ಕೆ ತಕ್ಕ ಹಾಗೆ ಲೆಕ್ಕ ತಿದ್ದಿದರು.

ಅವತ್ತು ಇದನ್ನು ಅವಳು ತೋರಿಸಿಕೊಟ್ಟ ರೀತಿ ನೋಡಬೇಕಿತ್ತು. ಮನೆಯಿಂದ ಹೇರ್ ಡ್ರೈಯರ್ ತಂದಿದ್ದಳು. ಡ್ರಮ್ಮಿನ ಬಾಯಿಗೆ ಹಿಡಿದು ಬಿಸಿ ಗಾಳಿ ಬಿಟ್ಟಳು. ಸ್ಕ್ರೀನಿನ ಮೇಲೆ ಎರಡು ಗೆರೆ. ತಿದ್ದದ ಗೆರೆ ನಿಧಾನಕ್ಕೆ ಮೇಲೇರಿತು, ತಿದ್ದಿದ್ದು ಅಲ್ಲಾಡದೆ ಕೂತಿತ್ತು. ಎರಡು ಸೆಂಟಿಮೀಟರ್ ಅಂತರ, ಅಷ್ಟೇ. ಆದರೆ ಪಕ್ಕದ ಮೇಜಿನವರೂ ತಮ್ಮ ರೋಬೋ ಬಿಟ್ಟು ಬಂದು ನೋಡಿದರು. ಅಜ್ಜಿ ಎದ್ದು ಬಂದು ಡ್ರಮ್ಮನ್ನು ಟಕ್ ಟಕ್ ತಟ್ಟಿ, ಒಂದು ಕಡೆ ಬೆರಳಿಟ್ಟು ಮೊಮ್ಮಗಳ ಮುಖ ನೋಡಿದರು. ಹುಡುಗಿ ಅದಕ್ಕೆ ಟೇಪ್ ಹಿಡಿದಳು. ಅಜ್ಜಿಯ ಅಂದಾಜು ಸರಿಯಾಗೇ ಇತ್ತು.

ಪರೀಕ್ಷಕರಲ್ಲಿ ಒಬ್ಬರು ನೀರಿನ ಯೋಜನೆಗಳಲ್ಲಿ ಕೆಲಸ ಮಾಡುವ ಎಂಜಿನಿಯರ್, ಇದೇ ಕಾಲೇಜಿನಲ್ಲಿ ಓದಿದವರು, ಐವತ್ತರ ಆಸುಪಾಸಿನ ಹೆಂಗಸು. ಸೆನ್ಸರ್ ಯಾಕೆ ಮುಚ್ಚಳದ ನಡುವೆ ಇಲ್ಲ, ಯಾಕೆ ಈ ಮೂಲೆಗೆ ಅಂತ ಕೇಳಿದರು. ಹುಡುಗಿ, ಅದು ಅಪ್ಪನ ತೀರ್ಮಾನ, ಅಂದಳು. ಅಪ್ಪ ಹಿಂದೆ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಟೈಲ್ಸ್ ಹಾಕುವ ಕೆಲಸ ಅವರದು. ಅವತ್ತು ಶುಕ್ರವಾರ, ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಆ ಎಂಜಿನಿಯರ್ ಅವರ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಅದೇ ಪ್ರಶ್ನೆ ಕೇಳಿದರು.

ಅಷ್ಟು ಹೊತ್ತಿಗೆ ನನಗೆ ಅರ್ಥವಾಗುವಷ್ಟು ಸ್ಪ್ಯಾನಿಷ್ ಬರುತ್ತಿತ್ತು, ಲ್ಯಾಬಿನಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಅಪ್ಪ ಮೊದಲು ತಡವರಿಸಿದರು. ಆಮೇಲೆ ಮುಂದೆ ಬಂದು ಡ್ರಮ್ಮಿಗೆ ಕೈ ಹಾಕಿ ತೋರಿಸಿದರು. ಟ್ಯಾಂಕರಿನವನು ನಡುವಿನ ಬಾಯಿಯಿಂದ ನೀರು ಬಿಡುತ್ತಾನೆ. ಅಲ್ಲೇ ಇಟ್ಟರೆ ಬೀಳುವ ನೀರು ಅಡ್ಡ ಬರುತ್ತದೆ, ಅಲೆ ಏಳುತ್ತದೆ. ಗೋಡೆಗೆ ತೀರಾ ಹತ್ತಿರ ಇಟ್ಟರೆ ಗೋಡೆಗೆ ತಾಗಿ ವಾಪಸ್ ಬರುತ್ತದೆ ಅಂತ ಮಗಳು ಹೇಳಿದಳು. ಅದಕ್ಕೆ ಎರಡರ ನಡುವೆ ಇಲ್ಲಿ ತೂತು ಕೊರೆದೆ. ಎಂಜಿನಿಯರ್ ಹಾಳೆಯ ಮೇಲೆ ಏನೋ ಬರೆದುಕೊಂಡರು, ಮುಚ್ಚಳದ ಅಂಚಿಗೆ ಏನು ಹಚ್ಚಿದ್ದೀರಿ ಅಂತ ಅವರನ್ನೇ ಇನ್ನೊಂದು ಪ್ರಶ್ನೆ ಕೇಳಿದರು. ಹುಡುಗಿ ಸುಮ್ನೆ ಪಕ್ಕದಲ್ಲಿ ನಿಂತಿದ್ದಳು. ಆ ಹೆಮ್ಮೆ ಅಪ್ಪನದಾ ಮಗಳದಾ ಹೇಳೋದು ಕಷ್ಟ.

ಹುಡುಗರು ಕಲಿತು ಮೇಲೆ ಬರಬೇಕಾದರೆ ಮನೆ, ಭಾಷೆ, ಬಡತನ ಎಲ್ಲವನ್ನೂ ಗೇಟಿನ ಹೊರಗೆ ಬಿಟ್ಟು ಬರಬೇಕು ಅನ್ನೋ ನಂಬಿಕೆ ನಮ್ಮ ಊರಲ್ಲೂ ಇದೆ, ಅಲ್ಲೂ ಇದೆ. ನಾನೂ ಅದನ್ನು ನಂಬಿಕೊಂಡೇ ಓದಿದವಳು. ಅವತ್ತಿನಿಂದ ಅದು ನನಗೆ ಪೂರ್ತಿ ಬಿಟ್ಟುಹೋಯಿತು. ಹಿತ್ತಲಿನ ಟ್ಯಾಂಕ್ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಆ ಎಂಜಿನಿಯರ್ ಪಕ್ಕ ಕೂತಿದ್ದೆ. ಬೇರೆ ರಾಜ್ಯದ ಒಂದು ಕಂಪನಿಯಲ್ಲಿ ತಮ್ಮ ಮೊದಲ ಕೆಲಸದ ಬಗ್ಗೆ ಹೇಳಿದರು. ಡಿಸೈನ್ ಎಂಜಿನಿಯರ್ ಅಂತ ತೆಗೆದುಕೊಂಡು, ಸೈಟಿನಲ್ಲಿ ಕೂಲಿಯವರ ಜೊತೆ ಸ್ಪ್ಯಾನಿಷ್ ಮಾತಾಡಲು ಮಾತ್ರ ಕರೆಯುತ್ತಿದ್ದರಂತೆ. ತುಂಬಾ ನೊಂದಿದ್ದರು. ಆದರೆ ಕೂಲಿಯವರು ಡ್ರಾಯಿಂಗ್ ಎಲ್ಲಿ ತಪ್ಪಿದೆ ಅಂತ ಇವರಿಗೆ ಹೇಳತೊಡಗಿದರು. ಬೇರೆ ಯಾರಿಗೂ ಹೇಳುತ್ತಿರಲಿಲ್ಲ, ಬೇರೆ ಯಾರೂ ಕೇಳುತ್ತಲೂ ಇರಲಿಲ್ಲ. ಅಲ್ಲಿಂದಲೇ ತಾನು ಒಳ್ಳೆಯ ಎಂಜಿನಿಯರ್ ಆದೆ ಅಂದರು. ಎಲ್ ಪಾಸೊದಲ್ಲಿ ನೆಲದಡಿಯ ಉಪ್ಪು ನೀರನ್ನು ಕುಡಿಯುವ ನೀರು ಮಾಡುವ ಘಟಕ 2007ರಲ್ಲಿ ಶುರುವಾಯಿತು. ದಿನಕ್ಕೆ 10 ಕೋಟಿ ಲೀಟರ್‌ವರೆಗೆ ಶುದ್ಧ ಮಾಡಬಲ್ಲದು. ಅದರ ಬಗ್ಗೆ ಅವರು ಹೇಳುತ್ತಾ ಹೋದಾಗ ಕೋಲಾರದ ಬೋರ್‌ವೆಲ್‌ಗಳ ಕಥೆ ನಾನು ಹೇಳಿದೆ. ಬರಿಟೊ ಆರಿಹೋಯಿತು.

ಈ ಊರಿನ ಹುಡುಗರಿಗೆ ದೊಡ್ಡ ಹೆಸರುಗಳೂ ಹತ್ತಿರದವೇ. ಗಗನಯಾತ್ರಿ ಡ್ಯಾನಿ ಒಲಿವಾಸ್ ಎಲ್ ಪಾಸೊದಲ್ಲಿ ಬೆಳೆದು, ಯುಟೆಪ್‌ನಲ್ಲೇ ಮೆಕ್ಯಾನಿಕಲ್ ಓದಿದವರು. 2007ರಲ್ಲಿ ಅಟ್ಲಾಂಟಿಸ್ ನೌಕೆಯ ಹಿಂಭಾಗದ ಶಾಖನಿರೋಧಕ ಹೊದಿಕೆಯ ಮೂಲೆ ಕಿತ್ತು ಎದ್ದಿತ್ತು. ಒಲಿವಾಸ್ ಹೊರಗೆ ಹೋಗಿ, ಆಪರೇಷನ್‌ನಲ್ಲಿ ಗಾಯ ಹೊಲಿಯಲು ಬಳಸುವ ಸ್ಟೇಪ್ಲರ್‌ನಿಂದ ಅದನ್ನು ಕೂರಿಸಿದರು. ಆ ವರ್ಷ ನಮ್ಮವರು ಎದೆ ಹಿಡಿದು ಕಾದ ಸುನೀತಾ ವಿಲಿಯಮ್ಸ್ ಭೂಮಿಗೆ ಇಳಿದದ್ದು ಅದೇ ನೌಕೆಯಲ್ಲಿ. 2009ರಲ್ಲಿ ಒಲಿವಾಸ್ ಜೊತೆ ಹಾರಿದವರು ಹೋಸೆ ಹೆರ್ನಾಂಡೆಸ್. ತೋಟದ ಕೂಲಿಯವರ ಮಗ. ಬೆಳೆ ಹಿಂದೆ ಊರೂರು ಅಲೆಯುತ್ತಿದ್ದ ಆ ಮನೆಗೆ ಎರಡನೇ ಕ್ಲಾಸಿನ ಟೀಚರ್ ಬಂದು, ಒಂದೇ ಕಡೆ ನಿಲ್ಲಿ, ಮಕ್ಕಳು ಓದಲಿ, ಅಂತ ಕೇಳಿಕೊಂಡರು. ಅಪ್ಪ ಅಮ್ಮ ನಿಂತರು. ನಾಸಾ 11 ಸಲ ಬೇಡ ಅಂದಿತು, 12ನೇ ಸಲ ಕರೆಯಿತು. ಎಲ್ಲರೂ ಅವರ ಹಟ ಹೊಗಳುತ್ತಾರೆ, ಹೊಗಳಲೇಬೇಕು. ನನಗೆ ಮಾತ್ರ ಅಲೆಯೋದನ್ನು ನಿಲ್ಲಿಸಿದ ಆ ಅಪ್ಪ ಅಮ್ಮ ಜಾಸ್ತಿ ನೆನಪಾಗುತ್ತಾರೆ. ಒಂದು ಸೀಸನ್ನಿನ ಕೂಲಿ ಬಿಡೋದು ಎಷ್ಟು ದೊಡ್ಡದು ಅಂತ ಬಿಟ್ಟವರಿಗೇ ಗೊತ್ತು.

ಒಟ್ಟು ದೇಶದ ಲೆಕ್ಕ ಇನ್ನೂ ಸಮ ಆಗಿಲ್ಲ. 2020ರ ಜನಗಣತಿಯಲ್ಲಿ ಹಿಸ್ಪಾನಿಕ್ ಜನ ನೂರಕ್ಕೆ 18.7. ವಿಜ್ಞಾನ, ಎಂಜಿನಿಯರಿಂಗ್, ಟೆಕ್ನಿಷಿಯನ್ ಕೆಲಸ ಎಲ್ಲ ಸೇರಿಸಿದರೆ 2021ರಲ್ಲಿ ಅವರ ಪಾಲು ನೂರಕ್ಕೆ 15. ಅದಕ್ಕೂ ಹತ್ತು ವರ್ಷ ಹಿಂದೆ ಅದು 11 ಇತ್ತು. ಬುದ್ಧಿಗೆ ಕೊರತೆ ಇಲ್ಲ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಕೊರತೆ ಹೊತ್ತಿಗೆ. ನನ್ನ ಲ್ಯಾಬಿಗೆ ಬರುತ್ತಿದ್ದವರಲ್ಲಿ ಎಷ್ಟೋ ಜನ ಹಿಂದಿನ ರಾತ್ರಿ ಹೋಟೆಲಲ್ಲೋ ಗೋದಾಮಿನಲ್ಲೋ ದುಡಿದು ಬಂದವರು. ಮನೆಯ ಕಂತಿಗೆ ಅವರ ಸಂಬಳವೂ ಬೇಕು.

ಡ್ರಮ್ಮಿನ ಹುಡುಗಿ ಎರಡನೇ ವರ್ಷದವರೆಗೂ ರಾತ್ರಿ ಪಾಳಿ ಮಾಡುತ್ತಿದ್ದಳು. ನಮ್ಮ ಪ್ರೊಫೆಸರ್ ಅವಳಿಗೆ ಲ್ಯಾಬಿನಲ್ಲೇ ಸಂಬಳದ ಕೆಲಸ ಕೊಟ್ಟರು. ಬೋರ್ಡ್ ಬೆಸುಗೆ ಹಾಕೋದು, ಮೀಟರ್ ಸರಿ ಮಾಡೋದು. ಅದೇ ಸಂಬಳ, ಆದರೆ ಕೆಲಸ ಮುಗಿದ ಮೇಲೂ ಬೆಂಚು ಅವಳದೇ. ಗ್ರೇಡ್ ಮೇಲೆ ಬಂದದ್ದು ಅಲ್ಲಿಂದಾಚೆ. ಬಡಮಕ್ಕಳಿಗೆ ಸ್ಫೂರ್ತಿಯ ಭಾಷಣ ಮಾಡುವವರು ಆ ಖರ್ಚಿನಲ್ಲಿ ಒಂದು ಸೆಮಿಸ್ಟರ್ ಸಂಬಳ ಕೊಡಲಿ ಅಂತ ನನಗೆ ಬಲವಾಗಿ ಅನಿಸುತ್ತದೆ. ಯುಟೆಪ್ ಇಂಥ ಕೆಲಸಗಳಿಗೆ ಬೆಲೆ ಕೊಟ್ಟ ಕಾಲೇಜು. ಡಯಾನಾ ನಟಾಲಿಸಿಯೊ 1988ರಿಂದ 2019ರವರೆಗೆ ಅದನ್ನು ನಡೆಸಿದರು. ಸುತ್ತಲಿನ ಊರಿನ ಮಕ್ಕಳಿಗೆ ಬಾಗಿಲು ತೆರೆದಿಟ್ಟೇ, ಅಮೆರಿಕದ ವಿಶ್ವವಿದ್ಯಾಲಯಗಳನ್ನು ವಿಂಗಡಿಸುವ ಕಾರ್ನೆಗಿ ವರ್ಗೀಕರಣದ 2018ರ ಪಟ್ಟಿಯಲ್ಲಿ ಅತಿ ಹೆಚ್ಚು ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳ ಸಾಲಿಗೆ ಸೇರಿತು.

ಹುಡುಗಿ ಈಗ ನೀರು ಶುದ್ಧೀಕರಣ ಘಟಕಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಕಂಪನಿಯಲ್ಲಿದ್ದಾಳೆ. ಹುವಾರೆಸ್ ಹುಡುಗ ಪಿಎಚ್‌ಡಿ ಮಾಡುತ್ತಿದ್ದಾನೆ. ನಾನು ಟೆಕ್ಸಸ್‌ನ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಇಲ್ಲೂ ಹಿಸ್ಪಾನಿಕ್ ಮಕ್ಕಳು ಬಹಳ. ಸೇರಿದ ವರ್ಷವೇ, ಪ್ರಾಜೆಕ್ಟ್ ದಿನವನ್ನು ಶುಕ್ರವಾರದಿಂದ ಶನಿವಾರಕ್ಕೆ ಬದಲಾಯಿಸಿ, ದಿನಗೂಲಿಯ ಅಪ್ಪ ಅಮ್ಮಂದಿರೂ ಬರಬಹುದು, ಅಂತ ವಿಭಾಗದ ಮೀಟಿಂಗಿನಲ್ಲಿ ಕೇಳಿದೆ. ಒಪ್ಪಿದರು. ಕಳೆದ ಸಲ ಕುರ್ಚಿ ಸಾಲದೆ ಪಕ್ಕದ ಕ್ಲಾಸ್‌ರೂಮಿನಿಂದ ಹೊತ್ತು ತರಬೇಕಾಯಿತು.